ತೆಗೆದ ವಿಷವನ್ನು ಎಲ್ಲಿಡುವದು?



ಕಳೆದ ಬೇಸಿಗೆಯಲ್ಲಿ ಒಂದು ಹಳ್ಳಿಯ ಸಭೆಯೊಳಗೆ ಸಾಯಂಕಾಲದ ಪ್ರಾರ್ಥನೆಯು ಮುಗಿದ ತರುವಾಯ, ಶಾಲೆಯ ಉಪಾಧ್ಯಾಯರಾದ ಸಹೋದರರೊಬ್ಬರು ವರ್ತಮಾನ ಪತ್ರಿಕೆಯ ಒಂದು ಸಂಗತಿಯನ್ನು ಕೂಡಿದವರಿಗೆ ಓದಿ ಹೇಳಿದರು. ಕಣ್ಣಿಗೆ ಕಾಣದಷ್ಟು ನುಣುಪಾದ ಕಬ್ಬಿಣದ ಕಣಗಳಿಂದ ನೀರಿನೊಳಗಿನ ವಿಷವನ್ನು ತೆಗೆಯುವ ವಿದ್ಯೆಯು ಮನುಷ್ಯರಿಗೆ ದೊರೆತಿರುವದೆಂಬದೇ ಆ ಸಂಗತಿ. ಎಲ್ಲರೂ ಆಶ್ಚರ್ಯಪಟ್ಟರು, ಕೆಲವರು ದೇವರಿಗೆ ಸ್ತೋತ್ರವೆಂದರು. ಆಗ ಗೋಡೆಯ ಬದಿಯಲ್ಲಿ ಕೂತಿದ್ದ ಒಬ್ಬ ಮುದುಕಿಯು, “ಅಯ್ಯನವರೇ, ನೀರಿನೊಳಗಿನ ವಿಷ ತೆಗೆದರು, ಸರಿ, ತೆಗೆದದ್ದನ್ನು ಎಲ್ಲಿಟ್ಟರು?” ಎಂದು ಕೇಳಿದಳು. ಸೆಮಿನೆರಿಯಲ್ಲಿ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಕಲಿತ ನಾವು ಈ ಒಂದಕ್ಕೆ ಆ ರಾತ್ರಿ ಉತ್ತರ ಕೊಡಲಾರದೆ ಹೋದೆವು.

ಇದು ಹಗುರವಾದ ಪ್ರಶ್ನೆಯಲ್ಲವೆಂದು ಕಾಣಬೇಕಾದರೆ ಬಂಗಾಳ ಸೀಮೆಯಲ್ಲಿ ನಡೆದದ್ದನ್ನು ನೆನಪಿಗೆ ತಂದುಕೊಳ್ಳಬೇಕು. ಗಂಗಾನದಿಯು ಸಮುದ್ರವನ್ನು ಸೇರುವ ಆ ತಗ್ಗು ನಾಡಿನಲ್ಲಿ ಜನರು ಬಹು ಕಾಲದಿಂದ ಕೆರೆಕುಂಟೆಗಳ ನೀರನ್ನು ಕುಡಿಯುತ್ತಿದ್ದರು. ಆ ನೀರಿನ ದೆಸೆಯಿಂದ ವಾಂತಿಭೇದಿಯು ಹರಡಿ ಮಕ್ಕಳು ಸಾಯುತ್ತಿದ್ದರು. ಇದಕ್ಕೆ ಮರುಗಿ 1970ರ ನಂತರದ ವರುಷಗಳಲ್ಲಿ ಬಾಂಗ್ಲಾದೇಶದ ಸರಕಾರವೂ ಯುನಿಸೆಫ್ ಸಂಸ್ಥೆಯೂ ಊರೂರಿಗೆ ಕೊಳವೆಬಾವಿಗಳನ್ನು ತೋಡಿಸಿದವು. ಮೇಲೆ ಬಂದ ನೀರು ತಿಳಿಯಾಗಿತ್ತು, ತಣ್ಣಗಿತ್ತು. ಅದರಲ್ಲಿ ಆರ್ಸೆನಿಕ್, ಅಂದರೆ ನಮ್ಮ ಜನರು ಪಾಷಾಣವೆಂದು ಕರೆಯುವ ವಿಷದ ಮೂಲಧಾತು, ಇರಬಹುದೆಂದು ಯಾರೂ ಪರೀಕ್ಷಿಸಲಿಲ್ಲ. ಯಾಕಂದರೆ ನೀರಿಗೆ ಮಾಡತಕ್ಕ ಪರೀಕ್ಷೆಗಳ ರೂಢಿಯ ಪಟ್ಟಿಯಲ್ಲಿ ಅದು ಆಗ ಸೇರಿರಲಿಲ್ಲ. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೂ ಅದು ಹೋಗುವದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚಾಗುತ್ತದೆ. ವರುಷಗಟ್ಟಲೆ ಕುಡಿದ ಮೇಲೆ ಎದೆಯ ಮೇಲೆ ಕರೇ ಮಚ್ಚೆಗಳೂ ಅಂಗೈ ಅಂಗಾಲುಗಳಲ್ಲಿ ಗಟ್ಟಿಯಾದ ಗಂಟುಗಳೂ ಏಳುತ್ತವೆ. ಅನೇಕರಿಗೆ ಮುಂದೆ ಚರ್ಮದಲ್ಲಾಗಲಿ ಮೂತ್ರಕೋಶದಲ್ಲಾಗಲಿ ಶ್ವಾಸಕೋಶದಲ್ಲಾಗಲಿ ಕ್ಯಾನ್ಸರ್ ರೋಗವು ಹುಟ್ಟುತ್ತದೆ. ಪಶ್ಚಿಮ ಬಂಗಾಳದಲ್ಲಿ 1983ರಲ್ಲಿ ಕಲ್ಕತ್ತೆಯ ಡಾಕ್ಟರ್ ಕೆ. ಸಿ. ಸಾಹಾ ಎಂಬ ಚರ್ಮವೈದ್ಯರು ಈ ರೋಗವನ್ನು ಗುರುತಿಸಿದರು. ಬಾಂಗ್ಲಾದೇಶದ ನೀರಿನಲ್ಲಿ ಅದು ಇದೆಯೆಂಬದು 1993ರಲ್ಲಿ ತಿಳಿದುಬಂತು. ಒಂದು ಜನಾಂಗದ ಮೇಲೆ ಬಿದ್ದ ವಿಷಪ್ರಾಶನಗಳಲ್ಲಿ ಚರಿತ್ರೆಯು ಕಂಡವುಗಳೊಳಗೆ ಇದೇ ಅತಿ ದೊಡ್ಡದೆಂದು ಲೋಕ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2000ದಲ್ಲಿ ಬರೆಯಲ್ಪಟ್ಟಿತು. ಆ ಮಚ್ಚೆಗಳನ್ನು ಕುಷ್ಠವೆಂದು ತಿಳಿದು ಸೊಸೆಯಂದಿರನ್ನು ತವರಿಗೆ ಹಿಂದಕ್ಕೆ ಕಳುಹಿಸಿದ ಮನೆಗಳೂ ಉಂಟು.

ಕೊಳವೆಗಳನ್ನು ನೆಟ್ಟವರ ದಯೆಯಲ್ಲಿ ಕಪಟವಿರಲಿಲ್ಲ. ಅವರೇ ಮುಂದೆ ಬಾವಿಗಳನ್ನು ಪರೀಕ್ಷಿಸುವ ಕೆಲಸದಲ್ಲಿಯೂ ಕೈಹಾಕಿದರು. ವಿಷವು ಮಿತಿಮೀರಿದ ಕೈಪಂಪುಗಳಿಗೆ ಕೆಂಪು ಬಣ್ಣವನ್ನೂ ಮಿಕ್ಕವುಗಳಿಗೆ ಹಸುರು ಬಣ್ಣವನ್ನೂ ಬಳಿದರು. ಹೀಗಿರಲಾಗಿ ನಾವು ಅವರ ಮೇಲೆ ಕಲ್ಲೆಸೆಯುವದಿಲ್ಲ. ಆದರೂ ಪರರ ಹಿತಕ್ಕಾಗಿ ಒಂದು ವಸ್ತುವನ್ನು ಕೊಟ್ಟವನು ಅದರ ಮುಂದಿನ ಗತಿಗೆ ಎಷ್ಟರ ಮಟ್ಟಿಗೆ ಉತ್ತರವಾದಿಯೆಂಬ ಪ್ರಶ್ನೆಯು ಅಲ್ಲಿ ಬಾಯಿತೆರೆದು ನಿಂತಿದೆ. ಈಗ ಅದೇ ವಿಷವನ್ನು ತೆಗೆಯಲಿಕ್ಕೆ ಮತ್ತೊಂದು ಹೊಸ ವಸ್ತುವನ್ನು ಹಳ್ಳಿಗಳಿಗೆ ತರುತ್ತಿರುವದರಿಂದ ಆ ಪ್ರಶ್ನೆಯನ್ನು ಮೊದಲೇ ಕೇಳುವದು ಒಳ್ಳೇದು.

ಆ ಹೊಸ ವಸ್ತುವೇನು? ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಕುಳ್ಳನೆಂಬ ಅರ್ಥವುಳ್ಳ ಶಬ್ದದಿಂದ ಇದು ಬಂದದೆ. ನೂರು ನ್ಯಾನೋಮೀಟರಿಗಿಂತ ಚಿಕ್ಕದಾದ ಕಣಗಳಿಗೆ ಸಾಧಾರಣವಾಗಿ ನ್ಯಾನೋ ಕಣಗಳೆನ್ನುತ್ತಾರೆ. ಬೆಲ್ಲದ ಅಚ್ಚನ್ನು ಹಾಗೆಯೇ ನೀರಿಗೆ ಹಾಕಿದರೆ ನಿಧಾನವಾಗಿ ಕರಗುವದನ್ನೂ ಕುಟ್ಟಿ ಹಾಕಿದರೆ ಬೇಗನೆ ಕರಗುವದನ್ನೂ ಪ್ರತಿ ಗೃಹಿಣಿಯು ಬಲ್ಲಳು; ವಸ್ತುವು ಪುಡಿಯಾದಷ್ಟೂ ನೀರಿಗೆ ತಗಲುವ ಮೈಯು ಹೆಚ್ಚುತ್ತದೆ. ಪ್ರತಿ ಪಕ್ಕವೂ 1 ಸೆಂಟಿಮೀಟರ್ ಇರುವ ಘನಾಕಾರದ ಒಂದು ತುಂಡಿನ ಹೊರಮೈ 6 ಚದರ ಸೆಂಟಿಮೀಟರ್ ಮಾತ್ರ. ಅದನ್ನೇ 10 ನ್ಯಾನೋಮೀಟರ್ ಪಕ್ಕವುಳ್ಳ ತುಂಡುಗಳಾಗಿ ಕತ್ತರಿಸಿದರೆ ಎಲ್ಲವುಗಳ ಹೊರಮೈ ಕೂಡಿ 600 ಚದರ ಮೀಟರ್, ಅಂದರೆ ಸುಮಾರು 6 ಗುಂಟೆ ನೆಲದಷ್ಟಾಗುತ್ತದೆ. ಚಿಟಿಕೆಯಷ್ಟು ವಸ್ತುವಿನಲ್ಲಿ ಒಂದು ಹೊಲವು ಅಡಗಿರುವದನ್ನು ನೆನಸಿದಾಗ ಸೃಷ್ಟಿಕರ್ತನ ಮುಂದೆ ತಲೆಬಾಗದೆ ಇರಲಾರೆವು.

ಆರ್ಸೆನಿಕ್ ವಿಷಕ್ಕೆ ಕಬ್ಬಿಣದ ತುಕ್ಕಿನ ಮೇಲೆ ಅಂಟಿಕೊಳ್ಳುವ ಸ್ವಭಾವ ಉಂಟು. ಆದಕಾರಣ ತುಕ್ಕಿನ ಜಾತಿಗೆ ಸೇರಿದ ನ್ಯಾನೋ ಕಣಗಳ ನಡುವೆ ನೀರನ್ನು ಹರಿಸಿದರೆ ವಿಷವು ಕಣಗಳಿಗೆ ಅಂಟಿ ನೀರು ಶುದ್ಧವಾಗಿ ಬರುತ್ತದೆ. ಐಐಟಿ ಮದ್ರಾಸಿನ ಪ್ರೊಫೆಸರ್ ಟಿ. ಪ್ರದೀಪ್ ಎಂಬವರೂ ಅವರ ಜೊತೆಗಾರರೂ ಈ ಕೆಲಸದಲ್ಲಿ ಬಹಳ ದುಡಿದಿದ್ದಾರೆ. ಅವರು ಈ ಕಣಗಳನ್ನು ಬಿಡಿಯಾಗಿ ಬಿಡದೆ ಕೈಟೋಸಾನ್ ಎಂಬ ಅಂಟಿನಂಥ ವಸ್ತುವಿನ ಹಂದರದೊಳಗೆ ಕಟ್ಟಿಟ್ಟು ಹರಳುಗಳನ್ನಾಗಿ ಮಾಡುತ್ತಾರೆ. ಕೈಟೋಸಾನನ್ನು ಸಿಗಡಿ ಏಡಿಗಳ ಚಿಪ್ಪಿನಿಂದ ತೆಗೆಯುತ್ತಾರೆ. ಕರಾವಳಿಯ ನಮ್ಮ ಸಹೋದರಿಯರು ದಿನಾಲೂ ಹಿತ್ತಲಿಗೆ ಎಸೆಯುವ ಚಿಪ್ಪಿನಿಂದಲೇ ಇಂಥದು ಆಗುವದಾದರೆ ಯಾವದನ್ನು ಕಸವೆಂದು ಹೇಳೋಣ? ಆ ಉಪಾಯಕ್ಕೆ ಇಂಗ್ಲಿಷ್ ಶಬ್ದಗಳ ಮೊದಲ ಅಕ್ಷರಗಳನ್ನು ಕೂಡಿಸಿ ಅಮೃತ್ ಎಂದು ಹೆಸರಿಟ್ಟಿದ್ದಾರೆ. ಲೋಕ ಆರೋಗ್ಯ ಸಂಸ್ಥೆಯು ಒಂದು ಲೀಟರ್ ನೀರಿಗೆ 10 ಮೈಕ್ರೋಗ್ರಾಮ್ ಆರ್ಸೆನಿಕ್ ಎಂಬ ಮಿತಿಯನ್ನು ಇಟ್ಟದೆ. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲೇ ಮೈಕ್ರೋಗ್ರಾಮ್. ಅಷ್ಟು ಸ್ವಲ್ಪವಾದ ವಿಷವನ್ನು ಹುಡುಕಿ ಹಿಡಿಯಲಿಕ್ಕೆ ಅಷ್ಟೇ ಸೂಕ್ಷ್ಮವಾದ ಕೈ ಬೇಕು.

ಈಗ ಮುದುಕಿಯ ಪ್ರಶ್ನೆಗೆ ಬರೋಣ. ಹರಳುಗಳು ವಿಷವನ್ನು ನಾಶಮಾಡುವದಿಲ್ಲ, ಹಿಡಿದಿಡುತ್ತವೆ. ಆರ್ಸೆನಿಕ್ ಮೂಲಧಾತುವಾದ್ದರಿಂದ ಅದನ್ನು ಸುಟ್ಟರೂ ಕುಟ್ಟಿದರೂ ಅದು ಇಲ್ಲದೆ ಹೋಗುವದಿಲ್ಲ. ಹರಳುಗಳಿಗೆ ಹಿಡಿಯುವ ಶಕ್ತಿ ತೀರಿದ ದಿವಸ ಅವುಗಳನ್ನು ಡಬ್ಬಿಯಿಂದ ತೆಗೆದು ಎಲ್ಲಿ ಸುರಿಯುವದು? ತಿಪ್ಪೆಗೋ? ಹಳ್ಳಕ್ಕೋ? ಇಲ್ಲಿ ನಾವು ಓದಿ ಬೆರಗಾದ ಒಂದು ಸಂಗತಿ ಉಂಟು. ಬಂಗಾಳದ ನೆಲದೊಳಗೆ ಈ ವಿಷವು ಮೊದಲು ಎಲ್ಲಿತ್ತು? ಹಿಮಾಲಯದಿಂದ ನದಿಗಳು ಹೊತ್ತು ತಂದ ಮಣ್ಣಿನ ಕಣಗಳ ಮೇಲಿನ ಕಬ್ಬಿಣದ ತುಕ್ಕಿಗೇ ಅದು ಅಂಟಿಕೊಂಡಿತ್ತು. ಗಾಳಿಯಾಡದ ಕೆಸರಿನ ಆಳದಲ್ಲಿ ಸೂಕ್ಷ್ಮಜೀವಿಗಳು ಆ ತುಕ್ಕನ್ನು ಕರಗಿಸಿದ್ದರಿಂದ ಅಂಟಿದ್ದ ವಿಷವು ಕಳಚಿ ನೀರಿಗೆ ಬಿತ್ತು. ಹಾಗಾದರೆ ನಾವು ತುಕ್ಕಿನ ಹರಳುಗಳಲ್ಲಿ ಹಿಡಿದ ವಿಷವನ್ನು ಕೆರೆಯ ಕೆಸರಿಗೆ ಎಸೆದರೆ ಭೂಮಿಯು ಹಿಂದೆ ಮಾಡಿದ ಕೆಲಸವನ್ನೇ ತಿರುಗಿ ಮಾಡುವದು. ವಿಷವು ಬಾವಿಯಿಂದ ಡಬ್ಬಿಗೂ ಡಬ್ಬಿಯಿಂದ ಕೆಸರಿಗೂ ಕೆಸರಿನಿಂದ ಮತ್ತೊಬ್ಬರ ಬಾವಿಗೂ ಪ್ರಯಾಣಮಾಡಿದಂತಾಗುವದು. ಮನೆಯನ್ನು ಗುಡಿಸಿ ಕಸವನ್ನು ನೆರೆಯವಳ ಬಾಗಿಲಿಗೆ ತಳ್ಳಿದವಳನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಶುಚಿಯಾದವಳೆನ್ನುವದಿಲ್ಲ.

ಅರಣ್ಯದಲ್ಲಿ ಇಳುಕೊಂಡಿದ್ದ ಇಸ್ರಾಯೇಲ್ಯರಿಗೆ ಕೊಡಲ್ಪಟ್ಟ ಒಂದು ಸಣ್ಣ ನಿಯಮವು ಧರ್ಮೋಪದೇಶಕಾಂಡದಲ್ಲಿದೆ. ಪಾಳೆಯದ ಹೊರಗೆ ಹೋಗುವ ಪ್ರತಿಯೊಬ್ಬನೂ ಗುದ್ದಲಿಯಂಥ ಒಂದು ಆಯುಧವನ್ನು ತೆಗೆದುಕೊಂಡು ಹೋಗಿ ಕುಣಿತೋಡಿ ಮಲವನ್ನು ಮುಚ್ಚಬೇಕು. ಪ್ರಸಂಗಕ್ಕೆ ಇದನ್ನು ಯಾರೂ ಆರಿಸಿಕೊಳ್ಳುವದಿಲ್ಲ; ನಾವೂ ಇದು ವರೆಗೆ ಆರಿಸಿಕೊಂಡದ್ದಿಲ್ಲ. ಆದರೆ ಹೊಲಸಿನಿಂದ ದೂರ ಹೋದರೆ ಸಾಲದು, ಅದನ್ನು ಮುಚ್ಚುವ ವರೆಗೂ ಅದು ನಿನ್ನದೇ ಎಂಬದು ಆ ನಿಯಮದೊಳಗಿದೆ.

ಇನ್ನೊಂದು ವಿಧವೂ ಉಂಟು. ಅದರಲ್ಲಿ ಈ ತೊಡಕಿಲ್ಲ, ಬೇರೆ ತೊಡಕಿದೆ. ಅಮೆರಿಕದಲ್ಲಿ ಜಾಂಗ್ ವೈಶಿಯಾನ್ ಎಂಬ ಪಂಡಿತರು ನೆಲದೊಳಗಿನ ನೀರಿಗೇ ನ್ಯಾನೋ ಕಬ್ಬಿಣವನ್ನು ಬಿಡುವ ವಿಧಾನವನ್ನು ನಡಿಸಿ ನೋಡಿದರು. ನ್ಯೂಜೆರ್ಸಿಯ ಟ್ರೆಂಟನ್ ಎಂಬಲ್ಲಿ ಒಂದು ಕಾರ್ಖಾನೆಯ ನೆಲದೊಳಗೆ ಟ್ರೈಕ್ಲೋರೋಎಥಿಲೀನ್ ಎಂಬ, ಲೋಹದ ಜಿಡ್ಡನ್ನು ತೊಳೆಯುವ ದ್ರವವು ಇಳಿದು ಹೋಗಿತ್ತು. ಅಲ್ಲಿ ಎರಡು ದಿವಸಗಳಲ್ಲಿ ಒಟ್ಟು 1.7 ಕಿಲೋಗ್ರಾಮ್ ಕಣಗಳನ್ನು ಬಿಡಲಾಗಿ, ನಾಲ್ಕು ವಾರಗಳೊಳಗೆ ಆ ವಿಷವು ಕೆಲವು ಕಡೆ 96 ಪಾಲಿನಷ್ಟು ಕಡಿಮೆಯಾಯಿತೆಂದು 2001ರಲ್ಲಿ ಪ್ರಕಟಿಸಿದರು. ಇಲ್ಲಿ ವಿಷವು ಸ್ಥಳ ಬದಲಿಸಲಿಲ್ಲ, ನಿಜವಾಗಿ ಮುರಿದುಹೋಯಿತು. ಕಬ್ಬಿಣವು ತಾನು ತುಕ್ಕಾಗುತ್ತಾ ಅದರೊಳಗಿನ ಕ್ಲೋರಿನ್ ಅಂಶವನ್ನು ಕಳಚಿತು. ಆದರೆ ಬಿಟ್ಟ ಕಣಗಳನ್ನು ತಿರುಗಿ ಕರೆಯುವವರು ಯಾರು? ಅವು ಬೇಗನೆ ಒಂದಕ್ಕೊಂದು ಅಂಟಿ ಹತ್ತಿರದಲ್ಲಿಯೇ ನಿಲ್ಲುತ್ತವೆಂದು ಅನೇಕ ಪರೀಕ್ಷೆಗಳಲ್ಲಿ ಕಂಡಿದೆ. ಗಾಳಿಯಿಲ್ಲದ ನೀರಿನಲ್ಲಿ ಅವು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆಂದು ಸಹ ಪ್ರಯೋಗಶಾಲೆಗಳಲ್ಲಿ ಕಂಡಿದೆ. ಮಣ್ಣಿನೊಳಗಿನ ಆ ಜೀವಿಗಳ ಮೇಲೆ ನಮ್ಮ ಬೆಳೆಯು ನಿಂತಿರುತ್ತದಲ್ಲವೇ? ಲಂಡನಿನ ರಾಯಲ್ ಸೊಸೈಟಿಯೂ ಅಲ್ಲಿಯ ಇಂಜಿನಿಯರುಗಳ ಅಕಾಡೆಮಿಯೂ 2004ರಲ್ಲಿ ಈ ವಿಷಯವನ್ನು ವಿಚಾರಿಸಿ, ಬಿಡಿ ಕಣಗಳಿಂದಾಗುವ ಲಾಭವು ಅಪಾಯಕ್ಕಿಂತ ಹೆಚ್ಚೆಂದು ತೋರುವ ತನಕ ಇಂಥ ಶುದ್ಧೀಕರಣಕ್ಕೆ ಅವುಗಳನ್ನು ಬಿಡುವದನ್ನು ನಿಷೇಧಿಸಬೇಕೆಂದು ಸಲಹೆಕೊಟ್ಟವು.

ಕಾಯಿರಿ ಎಂಬ ಮಾತು ವಿವೇಕದ ಮಾತೇ. ಆದರೆ ಅದನ್ನು ಹೇಳುವವನು ಸಾಮಾನ್ಯವಾಗಿ ಒಳ್ಳೇ ನೀರನ್ನು ಕುಡಿದು ಕೂತವನು. ಕೆಂಪು ಬಣ್ಣದ ಕೈಪಂಪಿನ ಹೊರತು ಬೇರೆ ನೀರಿಲ್ಲದ ತಾಯಿಗೆ ಕಾಯುವದೆಂದರೆ ಅದೇ ನೀರನ್ನು ಇನ್ನೊಂದು ವರುಷ ಮಕ್ಕಳಿಗೆ ಕುಡಿಸುವದು. ಆದದರಿಂದ ನಮ್ಮ ಅಭಿಪ್ರಾಯವು ಹೀಗಿದೆ. ಕಟ್ಟಿಟ್ಟ ಕಣವು ಒಂದು, ಬಿಟ್ಟ ಕಣವು ಇನ್ನೊಂದು. ಡಬ್ಬಿಯೊಳಗಿರುವದು ತಪ್ಪೆಂದು ನಾಳೆ ತಿಳಿದರೆ ಡಬ್ಬಿಯನ್ನು ಎತ್ತಿಕೊಂಡು ಹೋಗಬಹುದು. ನೆಲಕ್ಕೆ ಬಿಟ್ಟದ್ದನ್ನು ಪಶ್ಚಾತ್ತಾಪದಿಂದಲೂ ಎತ್ತಲಾಗದು. ಮೊದಲನೆಯದನ್ನು ಬಾಯಾರಿದವರಿಗೆ ತಡಮಾಡದೆ ಕೊಡಬೇಕು. ಎರಡನೆಯದರಲ್ಲಿ ಆ ನೆಲದ ನೀರನ್ನು ಕುಡಿಯುವವರ ಒಪ್ಪಿಗೆಯನ್ನು ಕೇಳದೆ ಒಂದು ಹಿಡಿಯನ್ನೂ ಬಿಡಬಾರದು. ಮೊದಲನೆಯದನ್ನು ಕೊಡುವವನು ಸಹ ಹರಳುಗಳನ್ನು ಹಿಂದಕ್ಕೆ ಒಯ್ದು, ನೀರು ಸೋಕದಂತೆ ಭದ್ರವಾಗಿ ಇಡುವ ಏರ್ಪಾಡಿನ ಖರ್ಚನ್ನು ಕೊಡುವ ದಿವಸವೇ ಲೆಕ್ಕಕ್ಕೆ ಹಿಡಿಯಬೇಕು. ಹಿಡಿಯದಿದ್ದರೆ ಅವನು ಕೊಟ್ಟದ್ದು ಅರ್ಧ ದಾನವೆಂದು ನಾವು ನೆನಸುತ್ತೇವೆ.

ಪ್ರವಾದಿಯಾದ ಎಲೀಷನು ಯೆರಿಕೋ ಪಟ್ಟಣದ ಕೆಟ್ಟ ನೀರನ್ನು ಗುಣಪಡಿಸಿದಾಗ ಬುಗ್ಗೆಯ ಮೂಲಕ್ಕೆ ತಾನೇ ಹೋದನೆಂದೂ, ಅದರಲ್ಲಿ ಹಾಕಿದ್ದು ಪ್ರತಿ ಮನೆಯ ಅಡಿಗೆಯಲ್ಲಿ ಇರುವ ಉಪ್ಪೆಂದೂ ಅರಸುಗಳ ಎರಡನೆಯ ಪುಸ್ತಕದಲ್ಲಿ ಓದುತ್ತೇವೆ. ಅದ್ಭುತಗಳಿಂದ ರಸಾಯನಶಾಸ್ತ್ರವನ್ನು ಹಿಂಡಬೇಡಿರೆಂದು ನಮ್ಮ ಗುರುಗಳು ಎಚ್ಚರಿಸಿದ್ದರು; ಹಿಂಡುವದಿಲ್ಲ. ಆದರೂ ಪ್ರವಾದಿಯು ಉಪ್ಪನ್ನು ಯಾರ ಕೈಯಲ್ಲಾದರೂ ಕೊಟ್ಟು ಕಳುಹಿಸದೆ ತಾನೇ ನಡೆದು ಹೋದದ್ದನ್ನು ನಾವು ಈಗ ಬೇರೆ ರೀತಿಯಾಗಿ ಓದುತ್ತೇವೆ.

ಇದೆಲ್ಲಾ ಬಂಗಾಳದ ಮಾತೆಂದು ನಮ್ಮವರು ಸುಮ್ಮನಿರಬಾರದು. ಯಾದಗಿರಿ ಜಿಲ್ಲೆಯಲ್ಲಿ ಮಂಗಳೂರೆಂಬ ಒಂದು ಊರು ಉಂಟು, ತುಳುನಾಡಿನದಲ್ಲ. ಹಿಂದಿನ ಕಾಲದಲ್ಲಿ ಅದರ ಸುತ್ತಲಿನ ಬಂಡೆಗಳಿಂದ ಚಿನ್ನವನ್ನು ತೆಗೆಯುತ್ತಿದ್ದರು. ಆ ಸೀಮೆಯ ಕಿರದಳ್ಳಿ ತಾಂಡಾ ಎಂಬಲ್ಲಿ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಇರುವದನ್ನೂ ಅದನ್ನು ಕುಡಿದವರ ಮೈಮೇಲೆ ಬಂಗಾಳದಲ್ಲಿ ಕಂಡಂಥ ಗುರುತುಗಳಿರುವದನ್ನೂ, ಬಂಗಾಳದಲ್ಲಿ ಬಹು ಕಾಲ ದುಡಿದ ದೀಪಂಕರ ಚಕ್ರವರ್ತಿಯವರೂ ಅವರ ಜೊತೆಗಾರರೂ 2013ರಲ್ಲಿ ಪ್ರಕಟಿಸಿದ ಬರಹದಲ್ಲಿ ತಿಳಿಸಿದರು.

ಇಷ್ಟನ್ನು ಓದಿಕೊಂಡು ನಾವು ಆ ಮುದುಕಿಯ ಮನೆಗೆ ಹೋಗಿ ಜಗಲಿಯ ಮೇಲೆ ಕೂತು ಎಲ್ಲವನ್ನೂ ವಿವರಿಸಿದೆವು. ಆಕೆ ಅಕ್ಕಿಯೊಳಗಿನ ಕಲ್ಲು ಆರಿಸುತ್ತಾ ಕೇಳಿಕೊಂಡಳು. ಆರಿಸಿದ ಕಲ್ಲುಗಳನ್ನು ಅಂಗಳಕ್ಕೆ ಎಸೆಯದೆ ಒಂದು ಚಿಪ್ಪಿನಲ್ಲಿ ಕೂಡಿಡುತ್ತಿದ್ದಳು, ಕೋಳಿಮರಿಗಳಿರುವವೆಂದಳು. ಕಡೆಗೆ, “ಹಾಗಾದರೆ ಆ ಡಬ್ಬಿಯನ್ನು ಹೊತ್ತುಕೊಂಡು ಹೋಗುವವರ ಹೆಸರನ್ನು ಮೊದಲು ಬರೆಸಿಕೊಳ್ಳಿರಿ, ಅಯ್ಯನವರೇ. ನಮ್ಮ ಬಾವಿಯಲ್ಲಿ ಏನದೆಯೆಂದು ನೋಡಿಸಿದಿರೋ?” ಎಂದು ಕೇಳಿದಳು. ನೋಡಿಸಿರಲಿಲ್ಲ. ಮರುದಿವಸ ಉಪಾಧ್ಯಾಯರೂ ನಾವೂ ಸಭೆಯ ಕೊಳವೆಬಾವಿಯ ನೀರನ್ನು ಎರಡು ಶೀಶೆಗಳಲ್ಲಿ ತುಂಬಿ, ಊರ ಹೆಸರನ್ನೂ ತಾರೀಕನ್ನೂ ಬರೆದು ಅಂಟಿಸಿ, ಪರೀಕ್ಷೆಗೆ ಕಳುಹಿಸಿದೆವು. ಉತ್ತರವು ಬಂದ ಕೂಡಲೆ ಈ ಪತ್ರಿಕೆಗೆ ಬರೆಯುವೆವು.