ಅದೃಷ್ಟವೂ ದಾಂಪತ್ಯವೂ

ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರವೆಂಬುದು ನಮ್ಮ ಸೀಮೆಯ ಜನರ ನಂಬುಗೆ. ಭೀಮನು ಬಕಾಸುರನನ್ನು ಕೊಂದುದು ಅಲ್ಲಿಯ ಬೆಟ್ಟದಲ್ಲಿಯೇ ಎಂದು ಹಿರಿಯರು ಕಿರಿಯರಿಗೆ ಕೈತೋರಿಸಿ ಹೇಳುವರು. ಕಥೆಯನ್ನು ಕೇಳಿದವರೆಲ್ಲರೂ ಭೀಮನ ತೋಳ್ಬಲವನ್ನು ನೆನೆಯುತ್ತಾರೆ. ಭೀಮನಿಗೆ ಆಶ್ರಯವಿತ್ತ ಮನೆಯ ದಂಪತಿಗಳನ್ನು ನೆನೆಯುವವರು ಕಡಮೆ.

ಒಂದು ಬಂಡಿ ಅನ್ನ, ಎರಡು ಕೋಣ, ಅವನ್ನು ಒಯ್ಯುವ ಒಬ್ಬ ಮನುಷ್ಯ, ಇಷ್ಟು ಆ ಊರು ರಕ್ಕಸನಿಗೆ ತೆರುತ್ತಿದ್ದ ಕಂದಾಯ. ಮನೆಮನೆಗೂ ಸರದಿ. ಅದು ತನ್ನ ಮನೆಗೆ ಬಂದಾಗ ಬಡ ಬ್ರಾಹ್ಮಣನು ಮೊದಲು ಮಾಡಿದ ಕೆಲಸ ಹೆಂಡತಿಯನ್ನು ಆಕ್ಷೇಪಿಸಿದ್ದು: ಬೇರೆಲ್ಲಿಗಾದರೂ ಹೋಗೋಣವೆಂದರೆ, ಹುಟ್ಟಿ ಬೆಳೆದ ಊರು, ತಂದೆಯಿರುವ ಊರು ಎಂದು ನೀನೇ ಒಪ್ಪಲಿಲ್ಲವೆಂದನು. ಎಷ್ಟು ಸಹಜವಾದ ಮಾತು! ಆದರೆ ಆಕ್ಷೇಪಿಸಿದ ಬಾಯಿಯಿಂದಲೇ ಅವಳನ್ನು ಕಳುಹಲಾರೆನೆಂದನು. ಆಕೆಯಾದರೋ ತಾನೇ ಹೋಗುವೆನೆಂದು ಹಟ ಹಿಡಿದಳು. ಮಗಳೂ ಹಾಗೆಯೇ. ತೊದಲು ನುಡಿಯ ಮಗನು ಒಂದು ಹುಲ್ಲುಕಡ್ಡಿಯನ್ನೆತ್ತಿ, ಇದರಿಂದಲೇ ರಕ್ಕಸನನ್ನು ಕೊಲ್ಲುವೆನೆಂದು ಎಲ್ಲರನ್ನೂ ಆ ದುಃಖದಲ್ಲಿಯೂ ನಗಿಸಿದನು. ಕುಂತಿಯು ಒಳಗೆ ಬಂದುದು ಆಗ.

ದುರದೃಷ್ಟವು ಬಾಗಿಲಿಗೆ ಬಂದಾಗ ಆ ಮನೆಯವರು ಒಬ್ಬರನ್ನೊಬ್ಬರು ಬಿಡಲಿಲ್ಲ. ರಕ್ಕಸನ ಸರದಿಯ ಬದಲು ಸಿರಿಯ ಸರದಿ ಬಂದಿದ್ದರೆ? ಈ ಸಂದೇಹವನ್ನು ನಮ್ಮಲ್ಲಿ ಹುಟ್ಟಿಸಿದವು ಎರಡು ಚಲಚ್ಚಿತ್ರಗಳು.

ಒಂದು, ಅಮೆರಿಕದ ವುಡಿ ಆಲನ್ ನಿರ್ದೇಶಿಸಿ 2005ರಲ್ಲಿ ತೆರೆಗೆ ಬಂದ ‘ಮ್ಯಾಚ್ ಪಾಯಿಂಟ್’. ಲಂಡನ್ನಿನಲ್ಲಿ ಟೆನಿಸ್ ಕಲಿಸುವ ಬಡ ಯುವಕನೊಬ್ಬನು ಸಿರಿವಂತರ ಮನೆಯ ಅಳಿಯನಾಗುತ್ತಾನೆ. ಭಾವಮೈದುನನು ಹಿಂದೆ ವರಿಸಬೇಕೆಂದಿದ್ದ ಹೆಣ್ಣಿನಲ್ಲಿ ಅನುರಕ್ತನಾಗುತ್ತಾನೆ. ಅವಳು ಗರ್ಭಿಣಿಯಾದಾಗ ಸಿರಿಯನ್ನು ಬಿಡಲಾರದೆ ಅವಳನ್ನೇ ಕೊಲ್ಲುತ್ತಾನೆ. ಕಳ್ಳರ ಕೃತ್ಯವೆಂದು ತೋರಲೆಂದು ನೆರೆಮನೆಯ ಮುದುಕಿಯನ್ನೂ ಕೊಂದು, ಅವಳ ಉಂಗುರವನ್ನು ಥೇಮ್ಸ್ ನದಿಗೆ ಎಸೆಯುತ್ತಾನೆ. ಉಂಗುರವು ದಡದ ಕಂಬಿಗೆ ತಗುಲಿ ಈಚೆಗೇ ಬೀಳುತ್ತದೆ. ಇನ್ನೇನು ಸಿಕ್ಕಿಬಿದ್ದನೆಂದು ನಾವು ಎಣಿಸಿದರೆ, ಅದು ಸತ್ತ ಮಾದಕವ್ಯಸನಿಯೊಬ್ಬನ ಬಳಿ ದೊರೆತು, ಇವನ ಮೇಲಣ ಸಂಶಯವನ್ನೇ ತೊಡೆಯುತ್ತದೆ!

ಎಲ್ಲವೂ ಅದೃಷ್ಟವೆಂದು ಈ ಚಿತ್ರವು ಸಾರುವುದೆಂದು ಕೆಲವರ ಅಭಿಪ್ರಾಯ. ನಮಗೆ ಹಾಗೆ ತೋರದು. ಉಂಗುರವು ಆಚೆಗೆ ಬೀಳುವುದೂ ಈಚೆಗೆ ಬೀಳುವುದೂ ಅದೃಷ್ಟದ ಅಧೀನವಿರಬಹುದು. ಬಂದೂಕವನ್ನೆತ್ತಿದ ಕೈ ಅವನದೇ. ನೈಯಾಯಿಕರಂತೂ ಮನುಷ್ಯನು ಗಳಿಸಿದ ಧರ್ಮಾಧರ್ಮಗಳನ್ನೇ ಅದೃಷ್ಟವೆಂದು ಕರೆದರು. ಲಾಟರಿ ಚೀಟಿಗೆ ಆ ಹೆಸರನ್ನು ಕೊಟ್ಟವರು ನಾವು.

ಆದರೂ ಒಂದು ಮಾತು ಉಳಿಯುತ್ತದೆ. ಆ ಹೆಣ್ಣು ಅವನ ಕಣ್ಣಿಗೆ ಬೀಳದಿದ್ದರೆ ಅವನು ಯೋಗ್ಯ ಗೃಹಸ್ಥನೆನಿಸಿಕೊಂಡು ಬಾಳುತ್ತಿದ್ದನಷ್ಟೆ? ನಮ್ಮಲ್ಲಿ ಯೋಗ್ಯರೆನಿಸಿಕೊಂಡಿರುವವರಲ್ಲಿ ಪರೀಕ್ಷೆಯೇ ಬಾರದವರು ಎಷ್ಟು ಮಂದಿಯೋ! ಈ ಪ್ರಶ್ನೆಯನ್ನು ಬರೆಯುವವನೂ ತನಗೆ ಹಾಕಿಕೊಂಡು ಸುಮ್ಮನಾಗಬೇಕಾಯಿತು.

ಇನ್ನೊಂದು ನಮ್ಮ ನಾಡಿನದೇ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನಾಧರಿಸಿ ಮಾರುತಿ ಶಿವರಾಂ ಅವರು 1978ರಲ್ಲಿ ತೆರೆಗೆ ತಂದ ‘ಪರಸಂಗದ ಗೆಂಡೆತಿಮ್ಮ’. ಲೋಕೇಶ್ ಅವರ ತಿಮ್ಮನನ್ನು ಕಂಡವರು ಮರೆಯಲಾರರು. ಈತನು ಊರೂರು ತಿರುಗಿ ಹಳ್ಳಿಯ ಹೆಂಗಸರಿಗೆ ಪೇಟೆಯ ಸರಕನ್ನು ಮಾರುವವನು. ವ್ಯಾಪಾರವು ಕುದುರಿತು, ಪೇಟೆಯ ನಯನಾಜೂಕನ್ನು ಬಯಸುವ ಮರಂಕಿ ಹೆಂಡತಿಯಾಗಿ ಬಂದಳು. ಇದಕ್ಕಿಂತ ಅದೃಷ್ಟವೇನೆಂದು ಅವನು ಹಿಗ್ಗಿದನು. ಅವಳ ಮನಸ್ಸು ಊರಿನ ಮೇಷ್ಟರತ್ತ ಹೊರಳಿತು. ತಿಮ್ಮನ ಬಾಳು ದುರಂತವಾಯಿತು.

ಇಲ್ಲಿ ಕೊಲೆಗಡುಕನಿಲ್ಲ. ತಿಮ್ಮನು ಒಳ್ಳೆಯವನು, ಆದುದರಿಂದಲೇ ಕಥೆಯು ನಮ್ಮನ್ನು ಹೆಚ್ಚು ಕಾಡುತ್ತದೆ. ಹಳ್ಳಿಗೆ ಹೊಸ ಆಸೆಗಳನ್ನು ಹೊತ್ತು ತಂದವನು ಅವನೇ. ಯಾವ ಆಸೆಯನ್ನು ಪರರ ಮನೆಗಳಲ್ಲಿ ಮಾರಿ ಬದುಕಿದನೋ ಅದು ತನ್ನ ಮನೆಯಲ್ಲಿಯೂ ಬೆಳೆಯುವುದೆಂಬುದನ್ನು ಅವನು ಕಾಣಲಿಲ್ಲ. ಕಾಣದ್ದು ಎಂಬ ಅರ್ಥದಲ್ಲಿ ಅವನ ಅದೃಷ್ಟವು ಅವನ ಹೆಗಲ ಗಂಟಿನೊಳಗೇ ಇದ್ದಿತು. ಮರಂಕಿಯನ್ನು ಬರಿದೆ ಜಾರೆಯೆಂದು ಹಳಿದು ಕೈತೊಳೆದುಕೊಳ್ಳುವುದು ಸುಲಭ. ಗಂಡನು ಊರಿಗೆಲ್ಲ ಸೋಪು ಪೌಡರುಗಳನ್ನು ಹಂಚುತ್ತಿರಲು, ಅವನ್ನು ಹಚ್ಚಿಕೊಂಡವಳು ಯಾರ ಮೆಚ್ಚುಗೆಗೆ ಕಾಯಬೇಕಾಗಿತ್ತು? ಅವಳು ಮಾಡಿದ್ದು ಸರಿಯೆಂದು ನಾವು ಹೇಳುತ್ತಿಲ್ಲ. ಅವಳನ್ನು ಕೇಳಿದವರಾರೂ ಇರಲಿಲ್ಲವೆಂದು ಮಾತ್ರ ಹೇಳುತ್ತಿದ್ದೇವೆ.

ತಿಮ್ಮನನ್ನು ನೋಡಿದಾಗ ಕೈವಾರದವರಿಗೆ ತಮ್ಮ ತಾತಯ್ಯನವರ ನೆನಪಾಗದಿರದು. ಯೋಗಿ ನಾರೇಯಣರೂ ಪೂರ್ವಾಶ್ರಮದಲ್ಲಿ ಊರೂರಿನ ಹೆಂಗಸರಿಗೆ ಬಳೆ ತೊಡಿಸಿದವರೇ. ಅವರ ವ್ಯಾಪಾರವು ಕುದುರಲಿಲ್ಲವಂತೆ. ಗುರುವು ಬಾಯಲ್ಲಿರಿಸಿದ ಬೆಣಚುಕಲ್ಲು ಸಾಧನೆಯಿಂದ ಕಲ್ಲುಸಕ್ಕರೆಯಾಯಿತೆಂದು ಭಕ್ತರು ಹೇಳುವರು. ಕುದುರದ ವ್ಯಾಪಾರವು ಒಬ್ಬರನ್ನು ಗುಹೆಗೆ ಕರೆದೊಯ್ದಿತು, ಕುದುರಿದ ವ್ಯಾಪಾರವು ಇನ್ನೊಬ್ಬನನ್ನು ಕೆಡಿಸಿತು. ಯಾವುದನ್ನು ಅದೃಷ್ಟವೆಂದು ಕರೆಯೋಣ? ತಾತಯ್ಯನವರ ಮನೆಯಲ್ಲಿ ಉಳಿದವರ ಪಾಲಿಗೆ ಯಾವುದು ಬಂದಿತೋ, ಅದೂ ವಿಚಾರಿಸತಕ್ಕದ್ದೇ.

ಏಕಚಕ್ರದ ಬ್ರಾಹ್ಮಣನಿಗೆ ಭೀಮನಂಥ ಅತಿಥಿಯು ದೊರೆತುದು ಅವನ ಪುಣ್ಯ. ಬಂಡಿ ಹೋಯಿತು, ಬಕನು ಸತ್ತನು, ಊರು ಹಬ್ಬ ಮಾಡಿತು. ಆ ರಾತ್ರಿ ಮಕ್ಕಳು ಮಲಗಿದ ಮೇಲೆ ದಂಪತಿಗಳಿಬ್ಬರೂ ಊರು ಬಿಡುವ ಹಳೆಯ ಮಾತನ್ನು ಮತ್ತೆ ಎತ್ತಿದರೋ ಇಲ್ಲವೋ, ವ್ಯಾಸರು ಬರೆಯಲಿಲ್ಲ.