ದುರ್ಯೋಧನ ಯಾರ ಪಾಲಿಗೆ?

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯ ಹಳ್ಳಿಗಳಲ್ಲಿ ನಾಟಕದ ಪಾಂಪ್ಲೆಟ್ಟುಗಳು ಕೈಯಿಂದ ಕೈಗೆ ಓಡಾಡುತ್ತವೆ. ‘ಕುರುಕ್ಷೇತ್ರ ಎಂಬ ಸುಂದರ ಪೌರಾಣಿಕ ನಾಟಕ’ ಎಂದು ಮೇಲೆ, ಕೆಳಗೆ ಪಾತ್ರವರ್ಗ. ಓದುತ್ತಾ ಹೋದರೆ ಹೊರಗಿನವರನ್ನು ತಬ್ಬಿಬ್ಬು ಮಾಡುವ ಸಾಲುಗಳು ಸಿಗುತ್ತವೆ: 1ನೇ ಕೃಷ್ಣ, 2ನೇ ಕೃಷ್ಣ, 1ನೇ ದುರ್ಯೋಧನ, 2ನೇ ದುರ್ಯೋಧನ. ವ್ಯಾಸರಿಗೆ ಒಬ್ಬನೇ ಸಾಕಾಗಿದ್ದ ಕೌರವ ಇಲ್ಲಿ ಇಬ್ಬರಿಗೆ ಹಂಚಿಹೋಗಿದ್ದಾನೆ. ದರ್ಬಾರು, ಸಂಧಾನ ಒಬ್ಬನದು; ಬೆಳಗಿನ ಜಾವದ ಗದಾಯುದ್ಧ ಇನ್ನೊಬ್ಬನದು. ಗಂಟಲು ಬೇರೆ, ಮೈಕಟ್ಟು ಬೇರೆ, ಕಿರೀಟ ಮಾತ್ರ ಒಂದೇ. ಮುಂದೆ ಕೂತವರು ಯಾರೂ ಇದನ್ನು ಆಕ್ಷೇಪಿಸುವುದಿಲ್ಲ.

ಹವ್ಯಾಸಿ ಪೌರಾಣಿಕ ನಾಟಕದಲ್ಲಿ ಪಾತ್ರಧಾರಿಗೆ ಸಂಭಾವನೆ ಇರುವುದಿಲ್ಲ, ಅವನೇ ದುಡ್ಡು ಕಟ್ಟುತ್ತಾನೆ. ಸೀನರಿ, ಡ್ರೆಸ್ಸು, ಮೈಕ್‌ಸೆಟ್ಟು, ತಬಲದವರು, ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸುವ ಹಾರ್ಮೋನಿಯಂ ಮೇಷ್ಟ್ರು, ಸ್ತ್ರೀ ಪಾತ್ರಗಳಿಗೆ ಹೊರಗಿನಿಂದ ಬರುವ ಕಲಾವಿದೆಯರು, ಇಷ್ಟೆಲ್ಲದರ ಖರ್ಚು ಪಾತ್ರಗಳ ಮೇಲೆ ಬೀಳುತ್ತದೆ. ಹಾಡು, ಡೈಲಾಗು ಹೆಚ್ಚಿದ್ದಷ್ಟೂ ಪಾತ್ರದ ದರ ಹೆಚ್ಚು. ದುರ್ಯೋಧನ, ಕೃಷ್ಣ ಮೇಲಿನ ಸಾಲಿನವರು. ಭೀಮ, ಕರ್ಣ, ಅರ್ಜುನ, ಶಕುನಿ ಆಮೇಲೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ವಿದುರ ನೆಟ್ಟನೆನ್ನುವ ಅಶ್ವತ್ಥ ಮರದ ಕಥೆಯಿದ್ದರೂ ವಿದುರನ ಪಾತ್ರಕ್ಕೆ ಅಂಥ ಕಿತ್ತಾಟವೇನೂ ನಡೆಯುವುದಿಲ್ಲ. ಒಳ್ಳೆಯ ಮಾತಾಡುವವನಿಗೆ ಹಾಡು ಕಡಿಮೆ, ಏನು ಮಾಡುವುದು.

ದುಡ್ಡಿನ ಜೊತೆಗೆ ಇನ್ನೊಂದು ತಕ್ಕಡಿಯೂ ಇದೆ. ಮೇಷ್ಟ್ರು ಹಾರ್ಮೋನಿಯಂ ಮೇಲೆ ಒಂದು ಶ್ರುತಿ ಹಿಡಿದು, ಬಂದವನಿಂದ ಎರಡು ಸಾಲು ಹಾಡಿಸುತ್ತಾರೆ. ಸ್ವರ ಏರದಿದ್ದರೆ ‘ನಿಂಗೆ ಧರ್ಮರಾಯ ಚೆನ್ನಾಗೊಪ್ತದೆ ಕಣಪ್ಪಾ’ ಎಂದು ಮೆತ್ತಗೆ ಹೇಳಬಹುದು. ಮನೆಯಲ್ಲಿ ತೆಲುಗು ಆಡುವ ಚಿಂತಾಮಣಿ ಸೀಮೆಯ ಹುಡುಗ ಕನ್ನಡದ ಉದ್ದ ಡೈಲಾಗಿನಲ್ಲಿ ಎಡವಿದರೆ ಅದನ್ನೂ ಮೇಷ್ಟ್ರೇ ತಿದ್ದಬೇಕು. ಆದರೆ ಇಬ್ಬರು ದುಡ್ಡುಳ್ಳವರು ಒಂದೇ ಕಿರೀಟಕ್ಕೆ ಪಟ್ಟು ಹಿಡಿದಾಗ ಶ್ರುತಿಯ ತೀರ್ಪು ನಡೆಯುವುದಿಲ್ಲ. ಆಗ ಹುಟ್ಟುವವನೇ 2ನೇ ದುರ್ಯೋಧನ.

ಒಬ್ಬ ಮನುಷ್ಯ ಇನ್ನೊಬ್ಬನಾಗಲು ಹೊರಟಾಗ ‘ಇಂಥವನಾಗಬಹುದು, ಇಂಥವನಾಗಬಾರದು’ ಎಂದು ಹೇಳುವ ಹಕ್ಕು ಯಾರಿಗಿದೆ, ಯಾವ ಆಧಾರದ ಮೇಲೆ? ಹಳ್ಳಿಯ ಜಗಲಿಯ ಈ ಪ್ರಶ್ನೆಯನ್ನು ಐವತ್ತು ವರ್ಷಗಳಿಂದ ಇನ್ನೊಂದು ಕೂಟವೂ ಕೇಳಿಕೊಳ್ಳುತ್ತಾ ಬಂದಿದೆ, ಅದೂ ಪುಟಗಟ್ಟಲೆ ನಿಯಮ ಬರೆದು.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಮೇಜಿನ ಸುತ್ತ ನಾಲ್ಕೈದು ಜನ ಕೂತು ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ ಹೀಗೆ ಪಾತ್ರ ಕಟ್ಟಿಕೊಳ್ಳುತ್ತಾರೆ. ಆಟ ನಡೆಸುವ ‘ಡಂಜನ್ ಮಾಸ್ಟರ್’ ಸನ್ನಿವೇಶ ಹೇಳುತ್ತಾನೆ. ಪಾತ್ರ ಏನು ಮಾಡುತ್ತದೆ ಎಂದು ಆಟಗಾರ ಹೇಳುತ್ತಾನೆ. ಫಲಿತಾಂಶ ದಾಳದ ಕೈಯಲ್ಲಿ. ಬರೆದಿಟ್ಟ ಡೈಲಾಗಿಲ್ಲ, ಗೊತ್ತಾದ ಅಂತ್ಯವಿಲ್ಲ. ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳ ಬಳಕೆಯಿರುವವರಿಗೆ ಇದು ಹೊಸದಲ್ಲ.

ಗೆಳೆಯರೇ ಕೂತು ಮನೆಯಲ್ಲಿ ಆಡಿದರೆ ಪಾತ್ರದ ತಕರಾರು ಅಲ್ಲೇ ಬಗೆಹರಿಯುತ್ತದೆ. ಗೊತ್ತಿಲ್ಲದವರ ನಡುವೆ ಆಡುವಾಗ ಕಥೆಯೇ ಬೇರೆ. 1980ರಲ್ಲಿ ಆರ್‌ಪಿಜಿಎ ಎಂಬ ಆಟಗಾರರ ಸಂಘ ಹುಟ್ಟಿದಾಗಿನಿಂದ ‘ಸಂಘಟಿತ ಆಟ’ ಬೆಳೆಯುತ್ತಾ ಬಂತು. 2000ದಲ್ಲಿ ಲಿವಿಂಗ್ ಗ್ರೇಹಾಕ್, 2008ರಲ್ಲಿ ಪಾತ್‌ಫೈಂಡರ್ ಸೊಸೈಟಿ, 2014ರಲ್ಲಿ ಅಡ್ವೆಂಚರರ್ಸ್ ಲೀಗ್ ಆರಂಭವಾದವು. ಇಲ್ಲಿ ಪಾತ್ರಕ್ಕೆ ಪ್ರಯಾಣವಿದೆ. ಒಂದು ಊರಿನ ಅಂಗಡಿಯಲ್ಲಿ ಆಡಿ ಗೆದ್ದ ಕತ್ತಿಯನ್ನು, ಗಳಿಸಿದ ಅನುಭವವನ್ನು ಹಾಳೆಯಲ್ಲಿ ಬರೆಸಿಕೊಂಡು ಇನ್ನೊಂದು ಊರಿನ ಮೇಜಿಗೆ ಒಯ್ಯಬಹುದು. ಅಲ್ಲಿ ಎದುರಿಗೆ ಕೂತವರು ಯಾರೋ, ಆಟ ನಡೆಸುವವರು ಯಾರೋ. ಪರಿಚಯ ಮಾಡುತ್ತಿದ್ದ ಕೆಲಸವನ್ನು ನಿಯಮವೇ ಮಾಡಬೇಕಾಗುತ್ತದೆ.

ಆ ನಿಯಮ ಎಷ್ಟು ಸೂಕ್ಷ್ಮ ಎಂಬುದಕ್ಕೆ ಲೀಗ್‌ನ ಅಂಕಗಳ ಲೆಕ್ಕ ನೋಡಬಹುದು. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳಿಗೂ ಪ್ರತಿ ಪಾತ್ರದಲ್ಲಿ ಒಂದೊಂದು ಅಂಕ. ಮನೆಯ ಆಟದಲ್ಲಿ ನಾಲ್ಕು ದಾಳ ಉರುಳಿಸಿ, ತೀರಾ ಕಡಿಮೆ ಬಿದ್ದದ್ದನ್ನು ಬಿಟ್ಟು ಉಳಿದ ಮೂರನ್ನು ಕೂಡಿಸುವುದು ರೂಢಿ; ಅದೃಷ್ಟವಿದ್ದರೆ 18 ಸಿಗುತ್ತದೆ. ಲೀಗ್‌ನಲ್ಲಿ ಅದೃಷ್ಟಕ್ಕೆ ಜಾಗವಿರಲಿಲ್ಲ. 15, 14, 13, 12, 10, 8 ಎಂಬ ಸಿದ್ಧ ಅಂಕಗಳನ್ನು ಹಂಚಿಕೊಳ್ಳಬೇಕು, ಇಲ್ಲವೇ 27 ಪಾಯಿಂಟುಗಳಲ್ಲಿ ಗುಣಗಳನ್ನು ಕೊಳ್ಳಬೇಕು. 8ರಿಂದ 13ರವರೆಗೆ ಮೆಟ್ಟಿಲಿಗೆ ಒಂದು ಪಾಯಿಂಟು, ಅಲ್ಲಿಂದ 15ರವರೆಗೆ ಎರಡೆರಡು. ಮೂರು ಗುಣಗಳನ್ನು 15ಕ್ಕೆ ಏರಿಸಿದವನ ಗಂಟು ಅಲ್ಲಿಗೇ ಖಾಲಿ. ಉಳಿದ ಮೂರೂ 8ರಲ್ಲೇ ಕೂರುತ್ತವೆ. ಬಲಭೀಮನಾಗಲು ಅಡ್ಡಿಯಿಲ್ಲ, ಭೀಮನೂ ವಿದುರನೂ ಕೃಷ್ಣನೂ ಒಬ್ಬನೇ ಆಗುವ ಹಾಗಿಲ್ಲ.

ಪುಸ್ತಕಗಳ ಮೇಲೂ ಹಿಡಿತವಿತ್ತು. ಲೀಗ್‌ನ ಮೊದಲ ವರ್ಷಗಳಲ್ಲಿ ಪಾತ್ರ ಕಟ್ಟುವವನು ಮೂಲ ಗ್ರಂಥವಾದ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಜೊತೆಗೆ ಇನ್ನೊಂದೇ ಒಂದು ಪುಸ್ತಕದಿಂದ ಆಯ್ದುಕೊಳ್ಳಬಹುದಿತ್ತು. ಬೇರೆ ಬೇರೆ ಪುಸ್ತಕಗಳ ತುಣುಕುಗಳನ್ನು ಹೆಕ್ಕಿ, ಬರೆದವರೂ ಊಹಿಸದ ಮಹಾಶೂರನನ್ನು ಕಟ್ಟುವ ಜಾಣರಿಗೆ ಇದು ಬೇಲಿ. ಆಟ ನಡೆಸುವವನೂ ಗ್ರಂಥಾಲಯವನ್ನು ತಲೆಯಲ್ಲಿ ಹೊರಬೇಕಿರಲಿಲ್ಲ. ಕೆಲವು ವರ್ಷಗಳ ನಂತರ ಈ ನಿಯಮವನ್ನು ಕೈಬಿಡಲಾಯಿತು.

ಇದು ಕಲ್ಪನೆಗೆ ಹಾಕಿದ ಕೋಳ ಎನ್ನುವವರಿದ್ದಾರೆ. ಆಟವೇ ಕಲ್ಪನೆಯದ್ದಾದಾಗ ‘ಇದನ್ನು ಕಲ್ಪಿಸಿಕೊಳ್ಳಬೇಡ’ ಎನ್ನುವುದು ವಿಪರ್ಯಾಸವಲ್ಲವೇ? ಹಳ್ಳಿಯ ನಾಟಕದಲ್ಲಾದರೆ ದುರ್ಯೋಧನ ಒಬ್ಬನೇ, ಬೇಡುವವರು ಹಲವರು, ಕಿತ್ತಾಟ ಸಹಜ. ಮೇಜಿನ ಆಟದಲ್ಲಿ ಅಂಥ ಅಭಾವವೇ ಇಲ್ಲ. ಐದೂ ಜನ ಮಾಂತ್ರಿಕರೇ ಆದರೂ ಯಾರ ಕಿರೀಟವನ್ನೂ ಯಾರೂ ಕಿತ್ತುಕೊಂಡಂತಾಗುವುದಿಲ್ಲ. ಹಾಗಿದ್ದೂ ಬಾಗಿಲಲ್ಲಿ ಕಾವಲೇಕೆ?

ಉತ್ತರ ಖಳರಲ್ಲಿ ಸಿಗುತ್ತದೆ. ಕುರುಕ್ಷೇತ್ರದಲ್ಲಿ ಜನ ಮುಗಿಬೀಳುವ ಪಾತ್ರ ಕೆಡುಕನದು. ಲೀಗ್‌ನಲ್ಲಾದರೋ ಕೆಡುಕರಿಗೆ ಬಹುಪಾಲು ಪ್ರವೇಶವೇ ಇರಲಿಲ್ಲ. ಕಟ್ಟಳೆಗೆ ಬದ್ಧನಾದ ದುಷ್ಟನಿಗೆ, ಅದೂ ಗೊತ್ತಾದ ಎರಡು ಬಣಗಳಲ್ಲೊಂದಕ್ಕೆ ಸೇರಿದ್ದರೆ ಮಾತ್ರ, ಮೇಜಿನಲ್ಲಿ ಜಾಗ. ಪಾತ್‌ಫೈಂಡರ್ ಸೊಸೈಟಿ ದುಷ್ಟ ಪಾತ್ರಗಳನ್ನು ಒಟ್ಟಾರೆ ಹೊರಗಿಟ್ಟಿತು. ಹಳ್ಳಿಯವರು ಉದಾರಿಗಳು, ಅಮೆರಿಕದವರು ಮಡಿವಂತರು ಎಂದು ಇದಕ್ಕೆ ಅರ್ಥವಲ್ಲ. ಹಳ್ಳಿಯ ದುರ್ಯೋಧನ ಎಷ್ಟೇ ಅಬ್ಬರಿಸಲಿ, ಬೆಳಗಾಗುವಷ್ಟರಲ್ಲಿ ತೊಡೆ ಮುರಿದುಕೊಂಡು ಬೀಳಲೇಬೇಕು. ಕೈವಾರದಲ್ಲಿ ಭೀಮ ಬಕಾಸುರನನ್ನು ಕೊಂದ ಜಾಗ ತೋರಿಸುವ ಸೀಮೆಯಿದು; ಭೀಮ ಗೆಲ್ಲುತ್ತಾನೋ ಇಲ್ಲವೋ ಎಂಬ ಸಂಶಯ ಮುಂದಿನ ಸಾಲಿನ ಮಗುವಿಗೂ ಇಲ್ಲ. ಕೊನೆ ಗಟ್ಟಿಯಾಗಿರುವುದರಿಂದ ಖಳನ ಕೇಡು ಪಕ್ಕದ ಪಾತ್ರಧಾರಿಯ ರಾತ್ರಿಯನ್ನು ಹಾಳುಮಾಡುವುದಿಲ್ಲ. ಶಕುನಿ ಮೋಸ ಮಾಡಿದಷ್ಟೂ ಧರ್ಮರಾಯನ ಪಾತ್ರಕ್ಕೇ ಮೆರುಗು.

ಮೇಜಿನ ಆಟದಲ್ಲಿ ಕೊನೆ ತೆರೆದಿದೆ. ಅಲ್ಲಿ ‘ನನ್ನ ಪಾತ್ರವೇ ಹಾಗೆ’ ಎಂದು ಒಬ್ಬ ಜೊತೆಗಾರರ ಚೀಲಕ್ಕೆ ಕೈಹಾಕಿದರೆ ಚೀಲ ನಿಜಕ್ಕೂ ಖಾಲಿಯಾಗುತ್ತದೆ, ತಿಂಗಳುಗಟ್ಟಲೆ ಆಡಿ ಗಳಿಸಿದ್ದು ಹೋಗುತ್ತದೆ. ನಂಬಿಸಿ ಬೆನ್ನಿಗೆ ಇರಿದರೆ ಇನ್ನೊಬ್ಬನ ಪಾತ್ರ ಸತ್ತೇ ಹೋಗಬಹುದು. ಇರಿಸಿಕೊಂಡವನು ರಜೆಯ ದಿನ ಬಿಡುವು ಮಾಡಿಕೊಂಡು ಬಂದ ಅಪರಿಚಿತ. ಆದ್ದರಿಂದಲೇ ಆಟಗಾರರು ಒಬ್ಬರ ಮೇಲೊಬ್ಬರು ಕೈಮಾಡಬಾರದೆಂಬ ಕಟ್ಟಳೆಯೂ ಸಂಘಟಿತ ಆಟದಲ್ಲಿದೆ. ಕಥೆ ಬಿಗಿಯಾಗಿದ್ದಲ್ಲಿ ಪಾತ್ರಕ್ಕೆ ಸಲಿಗೆ ಕೊಡಬಹುದು; ಕಥೆಯನ್ನು ಸಡಿಲ ಬಿಟ್ಟಲ್ಲಿ ಪಾತ್ರವನ್ನು ಬಾಗಿಲಲ್ಲೇ ವಿಚಾರಿಸಬೇಕಾಗುತ್ತದೆ. ನಿಯಮ ಅಳೆಯುವುದು ಕಲ್ಪನೆಯ ಒಳ್ಳೆಯತನವನ್ನಲ್ಲ, ಒಬ್ಬನ ಕಲ್ಪನೆಯ ಬೆಲೆಯನ್ನು ಪಕ್ಕದವನು ತೆರಬೇಕಾದೀತೇ ಎಂಬುದನ್ನು.

ಈ ಅಳತೆಗೋಲು ಹಿಡಿದು ನೋಡಿದರೆ ಕೆಲವು ನಿಯಮಗಳು ನಿಲ್ಲುತ್ತವೆ, ಕೆಲವು ನಿಲ್ಲುವುದಿಲ್ಲ. 27 ಪಾಯಿಂಟುಗಳ ಲೆಕ್ಕ ನಿಲ್ಲುತ್ತದೆ: ಒಬ್ಬನೇ ಎಲ್ಲ ರಾಕ್ಷಸರನ್ನೂ ಕೊಂದು ಮುಗಿಸಿದರೆ ಉಳಿದ ನಾಲ್ವರು ಬಂದದ್ದೇಕೆ? ಪಾತ್‌ಫೈಂಡರ್ ಸೊಸೈಟಿಯ ಇನ್ನೊಂದು ಕಟ್ಟಳೆಗೆ ಬಂದಾಗ ಕೋಲು ಅಲ್ಲಾಡುತ್ತದೆ. ಮೂಲ ಪುಸ್ತಕದ ಹೊರಗಿನ ಆಯ್ಕೆಯೊಂದನ್ನು ಬಳಸುವವನು ಆ ಪುಸ್ತಕದ ಸ್ವಂತ ಪ್ರತಿಯನ್ನು, ಅಥವಾ ತನ್ನ ಹೆಸರು ಅಚ್ಚಾದ ಪಿಡಿಎಫ್ ಅನ್ನು, ಮೇಜಿಗೆ ತರಬೇಕಿತ್ತು. ಆಟ ನಡೆಸುವವನು ಪರಿಶೀಲಿಸಲು ಅನುಕೂಲ ಎಂಬ ಸಮರ್ಥನೆ ಸುಳ್ಳಲ್ಲ. ಆದರೆ ಪರಿಶೀಲನೆಗೆ ಪಕ್ಕದವನ ಪ್ರತಿ ಸಾಕಿತ್ತು. ಪುಸ್ತಕ ಮಾರುವವರೇ ನಿಯಮ ಬರೆದಾಗ ಹೀಗಾಗುತ್ತದೆ. ಅಪರೂಪದ ಕುಲಗಳ ಪಾತ್ರಗಳನ್ನು ಕನ್ವೆನ್ಷನ್‌ಗಳಿಗೆ ಹೋದವರಿಗೆ ಸಿಗುವ ಚೀಟಿಗಳಿಗೆ ಗಂಟುಹಾಕಿದ್ದೂ ಉಂಟು. ಊರು ಬಿಟ್ಟು ಹೋಗಲು ಕಾಸಿಲ್ಲದವನ ಪಾಲಿಗೆ ಆ ಕುಲ ಇರಲೇ ಇಲ್ಲ.

ಹಾಗಾದರೆ ಹಳ್ಳಿಯ ಪಾತ್ರದ ದುಡ್ಡೂ ಇಷ್ಟೇ ತಾನೇ? ಪೂರ್ತಿ ಅಲ್ಲ. ದುರ್ಯೋಧನನಿಗೆ ಕಟ್ಟಿದ ಹಣ ಯಾವ ಕಂಪನಿಗೂ ಹೋಗುವುದಿಲ್ಲ. ಸೈನಿಕನ ಡ್ರೆಸ್ಸಿಗೆ, ವಿದುರನ ತಲೆಯ ಮೇಲಿನ ಲೈಟಿಗೆ, ಟಿಕೆಟ್ಟಿಲ್ಲದೆ ಚಾಪೆ ಹಾಸಿ ಕೂತ ಇಡೀ ಊರಿಗೆ ಹೋಗುತ್ತದೆ. ದೊಡ್ಡ ಪಾತ್ರದ ಆಸೆ ಸಣ್ಣ ಪಾತ್ರಗಳ ಖರ್ಚನ್ನು ಹೊರುತ್ತದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜಾದಂತೆ ಪಾತ್ರ ಹೆಚ್ಚು ಕೂಗಿದವನಿಗೇ ಹೋಗಿಬಿಟ್ಟರೆ ಬೇರೆ ಮಾತು. ಕಿರೀಟವನ್ನು ಇಬ್ಬರ ತಲೆಗೂ ಇಟ್ಟು ಕಳಿಸುವ ಏರ್ಪಾಡಿನಲ್ಲಿ ಮಾತ್ರ ಒಂದು ವಿವೇಕವಿದೆ. ಕಲೆಯ ದೃಷ್ಟಿಯಿಂದ ಅದು ಅಪಚಾರವೇ. ಮಧ್ಯರಾತ್ರಿಯಲ್ಲಿ ಎತ್ತರ ಬದಲಾಯಿಸಿಕೊಳ್ಳುವ ಕೌರವನನ್ನು ಯಾವ ವಿಮರ್ಶಕ ಒಪ್ಪಿಯಾನು? ಆದರೆ ಆ ನಾಟಕ ವಿಮರ್ಶಕರಿಗಾಗಿ ನಡೆಯುವುದಲ್ಲ, ಆಡುವವರ ಆಸೆಗಾಗಿ ನಡೆಯುವುದು. ಮೇಜಿನ ಆಟವೂ ಹಾಗೆಯೇ.

ಇಷ್ಟು ಹೇಳಿಯೂ ಉಳಿಯುವ ತೊಡಕೆಂದರೆ ಬರೆಯದ ನಿಯಮ. ದುಡ್ಡು ಕಟ್ಟಿದ ಯಾರಿಗೂ ಪಾತ್ರ ಎಂಬುದು ಬಾಯಿಮಾತು. ಯಾರ ಓಣಿಯ ಜಗಲಿಯಲ್ಲಿ ಪ್ರಾಕ್ಟೀಸ್, ಅಲ್ಲಿಗೆ ಯಾರು ಬಂದು ಕೂರಬಹುದು ಎಂಬಲ್ಲೇ ಅರ್ಧ ಪಾತ್ರವರ್ಗ ತೀರ್ಮಾನವಾಗಿರುತ್ತದೆ. ಊರಿನ ಹೆಣ್ಣುಮಕ್ಕಳಿಗಂತೂ ಆಯ್ಕೆಯ ಪಟ್ಟಿಯೇ ಇಲ್ಲ. ದ್ರೌಪದಿ, ಕುಂತಿ, ಉತ್ತರೆ ಬೇಕಾದರೆ ಪಕ್ಕದ ಪಟ್ಟಣದಿಂದ ಕಲಾವಿದೆಯರನ್ನು ಕರೆಸುತ್ತಾರೆಯೇ ಹೊರತು, ದುಡ್ಡಿರುವ ಊರಿನ ಹೆಂಗಸನ್ನು ‘ಯಾವ ಪಾತ್ರ ಬೇಕಮ್ಮಾ’ ಎಂದು ಕೇಳುವ ರೂಢಿ ಕಡಿಮೆ. ಇದು ಎಲ್ಲೂ ಅಚ್ಚಾಗಿಲ್ಲ, ಹಾಗಾಗಿ ಇದರ ವಿರುದ್ಧ ಅರ್ಜಿ ಕೊಡಲೂ ಜಾಗವಿಲ್ಲ.

ಅಚ್ಚಾದದ್ದಕ್ಕೆ ಇಂಥ ಹೊತ್ತಿನಲ್ಲಿ ಒಂದು ಅನುಕೂಲವಿದೆ. 1978ರ ‘ಅಡ್ವಾನ್ಸ್‌ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಹೆಣ್ಣು ಪಾತ್ರದ ಬಲ ಇಷ್ಟನ್ನು ಮೀರಬಾರದು ಎಂಬ ಮಿತಿ ಕೋಷ್ಟಕದಲ್ಲೇ ಇತ್ತು. ಡ್ರ್ಯಾಗನ್ನು ಬೆಂಕಿ ಉಗುಳುವ ಲೋಕದಲ್ಲಿ ಹೆಂಗಸಿನ ತೋಳ್ಬಲದ ಬಗ್ಗೆ ಮಾತ್ರ ಅಷ್ಟು ವಾಸ್ತವದ ಕಾಳಜಿ! ಪಕ್ಕದವರ ಆಟಕ್ಕೆ ಅದರಿಂದ ಯಾವ ರಕ್ಷಣೆಯೂ ಇರಲಿಲ್ಲ. ಪುಟದ ಮೇಲೆ ಕಾಣುತ್ತಿದ್ದುದರಿಂದ ಬೆರಳಿಟ್ಟು ತೋರಿಸಲು ಬಂತು. 1989ರ ಎರಡನೇ ಆವೃತ್ತಿಯಲ್ಲಿ ಅದು ಇರಲಿಲ್ಲ. ಕುಳ್ಳರು, ಎಲ್ಫ್‌ಗಳು ಇಂಥ ಹಂತಕ್ಕಿಂತ ಮೇಲೇರಬಾರದೆಂಬ ಮಿತಿ 2000ದ ಮೂರನೇ ಆವೃತ್ತಿಯಲ್ಲಿ ಹೋಯಿತು.

ಕನ್ನಡ ರಂಗಭೂಮಿಯಲ್ಲಿ ತೆಗೆದುಹಾಕಲು ಅಂಥ ಪುಟವೇ ಇರಲಿಲ್ಲ. ಆರ್. ನಾಗರತ್ನಮ್ಮ 1958ರಲ್ಲಿ ಹೆಂಗಸರದೇ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದರು. ಕಂಸ, ರಾವಣ, ಭೀಮ, ದುರ್ಯೋಧನರ ಪಾತ್ರಗಳನ್ನು ತಾವೇ ಹೊತ್ತರು. ಅವರದು ವೃತ್ತಿ ತಂಡ, ಅದರ ಹಿಂದೆ ಕಂಪನಿ ನಾಟಕಗಳ ತಾಲೀಮಿತ್ತು. ಹಳ್ಳಿಯ ಪಾಂಪ್ಲೆಟ್ಟಿನ 1ನೇ, 2ನೇ ದುರ್ಯೋಧನರ ಸಾಲಿನಲ್ಲಿ ಊರಿನ ಹೆಣ್ಣುಮಗಳೊಬ್ಬಳ ಹೆಸರು ಬರಬೇಕಾದರೆ ಅವಳು ಮೊದಲು ದುಡ್ಡು ಕಟ್ಟಬೇಕು, ಶ್ರುತಿಗೆ ನಿಲ್ಲಬೇಕು. ಈ ಎರಡಕ್ಕೂ ಅವಳು ತಯಾರಿರಬಹುದು. ಬೇಡವೆನ್ನುವ ಮೇಷ್ಟ್ರು ಯಾವ ಪುಟ ತೋರಿಸಿ ಬೇಡವೆನ್ನುತ್ತಾರೆ ಎಂದು ಕೇಳುವುದಷ್ಟೇ ಬಾಕಿ.