ಅಡಗಿದ ದೋಷವೂ ಅಳಿದ ದೋಷವೂ

ಕೆಟ್ಟ ಯಂತ್ರವು ಕಾರಣ ತಿಳಿಯದೆಯೇ ಸರಿಹೋದರೆ, ಅದನ್ನು ಸರಿಪಡಿಸಿದಂತಾಯಿತೆ? ಮೇಲುನೋಟಕ್ಕೆ ಇದು ಯಂತ್ರಶಾಸ್ತ್ರದ ಪ್ರಶ್ನೆ. ವಿಚಾರಿಸಿದರೆ ನೀತಿಯ ಪ್ರಶ್ನೆ.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ತರುಣನೊಬ್ಬನು ಕಲಬುರಗಿಯಲ್ಲಿ ಓದುತ್ತಿರುವನೆಂದು ಭಾವಿಸೋಣ. 1958ರಿಂದಲೂ ಇಂಜಿನಿಯರಿಂಗ್ ಕಾಲೇಜುಳ್ಳ ಆ ನಗರದಲ್ಲಿ ಅಂಥವರು ವಿರಳರಲ್ಲ. ಅವನು ತಂದೆಯವರ ತೋಟಕ್ಕಾಗಿ, ನೆಲದಲ್ಲಿ ತೇವವಿರುವವರೆಗೆ ಉರಿದು ತೇವ ಇಂಗಿದೊಡನೆ ನಂದುವ ದೀಪವೊಂದನ್ನು ರಚಿಸುತ್ತಾನೆ. ಎರಡು ಲೋಹದ ಕಡ್ಡಿ, ಒಂದು ಟ್ರಾನ್ಸಿಸ್ಟರು, ಒಂದೆರಡು ರೋಧಕ, 9 ವೋಲ್ಟಿನ ಬ್ಯಾಟರಿ. ಇವನ್ನು ಬೆಸುಗೆಯಿಲ್ಲದೆ ಬ್ರೆಡ್‌ಬೋರ್ಡೆಂಬ ರಂಧ್ರಗಳ ಹಲಗೆಗೆ ಸಿಕ್ಕಿಸುತ್ತಾನೆ. ಐದೈದು ರಂಧ್ರಗಳ ಕೆಳಗೆ ಅಡಗಿದ ಒಂದೊಂದು ಲೋಹದ ಪಟ್ಟಿಯು ತಂತಿಗಳನ್ನು ಕಚ್ಚಿ ಹಿಡಿಯುವುದು. ಬಳಸಿದಷ್ಟೂ ಆ ಹಿಡಿತ ಸಡಿಲುವುದು. ಕಡ್ಡಿಗಳನ್ನು ಹಸಿ ಮಣ್ಣಿನಲ್ಲಿ ನೆಟ್ಟರೂ ದೀಪ ಉರಿಯದು. ಬೇಸತ್ತು ಹಲಗೆಯನ್ನು ತಟ್ಟಿದರೆ ಉರಿಯುತ್ತದೆ! ನಾಳೆ ಪರೀಕ್ಷಕರು ಬರುವರು. ಅವನ ಕೆಲಸ ಮುಗಿಯಿತೆ?

ಮುಗಿಯಿತೆನ್ನುವವರ ವಾದವೂ ತಿರಸ್ಕಾರಯೋಗ್ಯವಲ್ಲ. ಜ್ವರ ಇಳಿದ ಮೇಲೆ ಅದರ ಮೂಲವನ್ನು ಹುಡುಕುತ್ತ ಕುಳಿತುಕೊಳ್ಳುವವರುಂಟೆ? ಆದರೆ ಶರೀರಕ್ಕೆ ತನ್ನನ್ನು ತಾನೇ ಗುಣಪಡಿಸಿಕೊಳ್ಳುವ ಶಕ್ತಿಯುಂಟು, ತಂತಿಗೆ ಇಲ್ಲ. ಪರೀಕ್ಷಕರು ದೀಪವನ್ನು ಒಂದು ಗಳಿಗೆ ನೋಡುವರು. ತಂದೆಯವರು ಅದನ್ನು ತಿಂಗಳುಗಟ್ಟಲೆ ನಂಬುವರು. ತಂತಿ ಮತ್ತೆ ಜಾರಿದ ದಿನ, ನೆನೆದ ನೆಲವನ್ನು ಒಣಗಿತೆಂದು ತಿಳಿದು ಅವರು ಇನ್ನಷ್ಟು ನೀರು ಹಾಯಿಸುವರು. ಬುಡದಲ್ಲಿ ನೀರು ನಿಂತು ಬಾಳೆಯ ಬೇರು ಕೊಳೆಯುವುದು.

ಆದುದರಿಂದ ಉರಿಯುತ್ತಿರುವ ದೀಪವನ್ನು ಮತ್ತೆ ನಂದಿಸಲು ಯತ್ನಿಸುವುದೇ ಅವನ ಕರ್ತವ್ಯ. ತಂತಿಗಳನ್ನು ಒಂದೊಂದಾಗಿ ಮೆಲ್ಲನೆ ಅಲುಗಿಸಬೇಕು. ಒಮ್ಮೆಗೆ ಎರಡನ್ನು ಮುಟ್ಟಿದರೆ ಯಾವುದು ಕಾರಣವೆಂದು ತಿಳಿಯದು. ದೀಪ ನಂದಿದಾಗ, ಮಾಪಕವನ್ನು ಹಿಡಿದು ಬ್ಯಾಟರಿಯಿಂದ ಮೊದಲುಗೊಂಡು ನೋಡುತ್ತ ಸಾಗಬೇಕು. ಟ್ರಾನ್ಸಿಸ್ಟರಿನ ಬೇಸಿಗೂ ಎಮಿಟರಿಗೂ ನಡುವೆ ಸುಮಾರು 0.7 ವೋಲ್ಟು ಉಂಟೋ ಇಲ್ಲವೋ ಅಳೆಯಬೇಕು. ಎಲ್ಲಿಯವರೆಗೆ ವಿದ್ಯುತ್ತು ಬಂದು ಎಲ್ಲಿ ತಡೆದಿದೆಯೋ ಆ ನಡುವೆಯೇ ದೋಷವಿರುವುದು. ದೋಷವನ್ನು ಬೇಕೆಂದಾಗ ಬರಮಾಡಬಲ್ಲವನೇ ಅದನ್ನು ನಿಶ್ಚಯವಾಗಿ ಕಳುಹಿಸಬಲ್ಲನು.

ಇಷ್ಟು ಮಾಡಿದರೂ ಕಾರಣ ದೊರೆಯದಿದ್ದರೆ? ಆಗ ಸುಮ್ಮನಿರುವುದು ಸುಳ್ಳಾಡುವುದಕ್ಕೆ ಸಮಾನ. ‘ಅಪ್ಪಾ, ಇದು ಈಗ ಉರಿಯುತ್ತಿದೆ, ಹಿಂದೆ ಏಕೆ ಉರಿಯಲಿಲ್ಲವೋ ತಿಳಿಯದು, ನೀರು ಬಿಡುವ ಮುನ್ನ ಮಣ್ಣನ್ನು ಕೈಯಿಂದ ಮುಟ್ಟಿ ನೋಡಿರಿ’ ಎಂದು ಹೇಳಿಯೇ ಕೊಡಬೇಕು. ವಸ್ತುವನ್ನು ಕೊಡುವವನು ಅದರ ಕುರಿತು ತನಗಿರುವ ಸಂಶಯವನ್ನೂ ಜೊತೆಗೇ ಕೊಡತಕ್ಕದ್ದು.